ಶಾಂತಿಗ್ರಾಮದಿಂದ ಹಿಂದಕ್ಕೆ ನಡೆದ ಗೌರಕ್ಕ

ಶಾಂತಿಗ್ರಾಮದ ಛತ್ರದ ಹಿಂದೆ ಗೌರಕ್ಕ ನನ್ನ ಕೈ ಹಿಡಿದು ಒಂದೇ ಒಂದು ಮಾತು ನಡೆಸಿಕೊಡು ಅಂತ ಕೇಳಿಕೊಂಡಳು. ಹೂಂ ಎಂದೆ. ಬೆಳಗಾಗುವವರೆಗೂ ಅದನ್ನು ಉಳಿಸಿಕೊಳ್ಳಲು ನನ್ನ ಕೈಲಿ ಆಗಲಿಲ್ಲ.

ನನಗೀಗ ತೊಂಬತ್ತೇಳು. ನಾನು ಹೇಳುತ್ತಿದ್ದೇನೆ, ಮರಿಮಗಳು ಫೋನಿನಲ್ಲಿ ಟೈಪ್ ಮಾಡುತ್ತಿದ್ದಾಳೆ. ಈಗಿನವರು ಧರ್ಮಸ್ಥಳಕ್ಕೆ ನಡೆದು ಹೋಗುವ ಫೋಟೋ ಹಾಕುತ್ತಾರಲ್ಲ, ಶೂ, ಟೋಪಿ, ಹಿಂದೊಂದು ಲಗೇಜ್ ಗಾಡಿ... ಅವಳು ಅದನ್ನು ತೋರಿಸಿದಾಗಿನಿಂದ ನನಗೆ ನಿದ್ದೆಯಿಲ್ಲ.

ನಾವು ನಡೆದದ್ದು ಯುದ್ಧದ ಕಾಲದಲ್ಲಿ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲು ಸುಟ್ಟುಕೊಂಡು ಓಡುತ್ತಿದ್ದವು. ಅದನ್ನು ಹತ್ತುವ ಯೋಗ್ಯತೆಯೂ ನಮಗಿರಲಿಲ್ಲ.

ಚನ್ನರಾಯಪಟ್ಟಣದ ಪಕ್ಕದ ನಮ್ಮೂರಿನಿಂದ ಹನ್ನೊಂದು ಜನ, ಎಲ್ಲರೂ ಬರಿಗಾಲು. ತಲೆ ಮೇಲೆ ಹುರಿಹಿಟ್ಟು, ಬೆಲ್ಲ, ಕೊಬ್ಬರಿಯ ಗಂಟು. ಸಂಜೆ ತಂಗಿದ ಕಡೆ ಮೂರು ಕಲ್ಲಿಟ್ಟು ಗಂಜಿ ಕಾಯಿಸಿಕೊಳ್ಳುವುದು. ಶಿವರಾತ್ರಿಗೆ ಧರ್ಮಸ್ಥಳ ಮುಟ್ಟಬೇಕಿತ್ತು.

ನಾನು ಹದಿನಾರರ ಹೊಸ ಸೊಸೆ. ಗೌರಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ.

ಭಾವನಿಗೆ ಹೊಳೆನರಸೀಪುರದ ಕಡೆಯಿಂದ ಇನ್ನೊಂದು ಹೆಣ್ಣು ತರುವ ಮಾತು ಆಗಲೇ ಶುರುವಾಗಿತ್ತು. ಗೌರಕ್ಕ ಹರಕೆ ಹೊತ್ತು ನಡೆದು ಬರಲಿ, ಆಮೇಲೆ ಒಂದು ವರ್ಷ ಕಾಯೋಣ ಎಂದಿದ್ದರು ಅತ್ತೆ. ಅಂದರೆ ಅವಳು ಆ ಮನೆಯಲ್ಲಿ ಉಳಿಯುವುದು ಬಿಡುವುದು ಈ ನಡಿಗೆಯ ಮೇಲಿತ್ತು.

ಎರಡನೇ ದಿನಕ್ಕೇ ನನ್ನ ಪಾದದ ತುಂಬ ಬೊಬ್ಬೆ. ಗೌರಕ್ಕ ನನ್ನ ಗಂಟನ್ನೂ ತನ್ನ ತಲೆಗೇ ಏರಿಸಿಕೊಂಡಳು. ಶಾಂತಿಗ್ರಾಮ ತಲುಪಿದ ಮೇಲೆ ಗಂಜಿ ಬೇಯಿಸಿ, ನನ್ನ ಕಾಲಿಗೆ ಹರಳೆಣ್ಣೆ ಹಚ್ಚಿದಳು.

ಆ ಸಂಜೆಯೇ ಅವಳು ಮುಟ್ಟಾದದ್ದು.

"ಯಾರ್ಗೂ ಯೋಳ್ಬ್ಯಾಡ ಕಣಮ್ಮಿ. ಅಲ್ಲಿಗೋಗಕ್ಕೆ ಇನ್ನೂ ಆರು ದಿನ ಐತೆ. ವೊಳೇಲಿ ಮುಳುಗೆದ್ರೆ ಎಲ್ಲಾ ಸರಿ ಓಯ್ತದೆ."

ನ್ಯಾಯವಾದ ಮಾತೇ. ನಮ್ಮ ಮನೆಯಲ್ಲಿ ಮೂರು ದಿನ ಹೊರಗೆ ಕೂತು ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ದೇವರ ಮುಂದೆ ನಿಲ್ಲುವ ಹೊತ್ತಿಗೆ ಯಾವ ಮೈಲಿಗೆಯೂ ಇರುತ್ತಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ನಾನು ಕುಂಟುತ್ತಿದ್ದೆ. ಅತ್ತೆ ಎಲ್ಲರ ಮುಂದೆ ಶುರುಹಚ್ಚಿಕೊಂಡರು.

"ಗೌರೀನ ನೋಡು, ಎಂಗ್ ನಡೀತಾಳೆ! ನಿಂಗೇನ್ ದಾಡಿ? ಮೂರೊತ್ತೂ ತಿಂತೀಯಲ್ಲ!"

ಗಂಡಸರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮ್ ಗೌರಿ ಮುಟ್ಟಾಗವ್ಳೆ, ಅವಳ್ನೇ ಕೇಳಿ" ಅಂದುಬಿಟ್ಟೆ.

ಮೈಲಿಗೆಗೆ ಹೆದರಿ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಶುದ್ಧ ಸುಳ್ಳು. ಹೊಟ್ಟೆಕಿಚ್ಚು ಕಣ್ರೀ, ಬರೀ ಹೊಟ್ಟೆಕಿಚ್ಚು.

ಆಮೇಲಿನ ರಂಪ ಕೇಳಬೇಡಿ... ಅವಳು ಮುಟ್ಟಿದ ಗಂಟುಗಳಿಗೆಲ್ಲ ನೀರು ಚಿಮುಕಿಸಿದರು. ಅವಳ ಕೈಯ ಗಂಜಿ ಉಂಡವರೆಲ್ಲ ಕೆರೆಗೆ ಹೋಗಿ ಮುಳುಗಿ ಬಂದರು.

ಗೌರಕ್ಕ ದೂರದಲ್ಲಿ ಹುಣಸೆ ಮರದ ಕೆಳಗೆ ನಿಂತಿದ್ದಳು. ಅಳಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ.

"ಅಂಗೇ ಮನೇಗ್ ಓಗು" ಎಂದರು ಅತ್ತೆ. ಭಾವ ಅಲ್ಲೇ ಇದ್ದರು, ತಲೆ ಎತ್ತಲಿಲ್ಲ. ಬಂದ ದಾರಿಯಲ್ಲೇ ಅವಳೊಬ್ಬಳೇ ಹಿಂದಕ್ಕೆ ನಡೆದಳು, ನಾವು ಹಾಸನದ ಕಡೆಗೆ ನಡೆದೆವು.

ಇನ್ನು ಮುಂದಿನದು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಮರಿಮಗಳು ಟೈಪ್ ಮಾಡುವುದು ಬಿಟ್ಟು ನನ್ನ ಮುಖ ನೋಡುತ್ತಿದ್ದಾಳೆ. ಬರೆಯೇ, ಪರವಾಗಿಲ್ಲ.

ಸಕಲೇಶಪುರ ದಾಟಿ ಘಟ್ಟ ಇಳಿಯುವಾಗ ನಾನೂ ಮುಟ್ಟಾದೆ.

ಬಾಯಿ ಬಿಡಲಿಲ್ಲ. ಹಳೇ ಸೀರೆ ಹರಿದು ಕಟ್ಟಿಕೊಂಡೆ. ಎಲ್ಲರ ಜೊತೆ ಉಂಡೆ, ಎಲ್ಲರ ಜೊತೆ ನೇತ್ರಾವತಿಯಲ್ಲಿ ಮುಳುಗಿದೆ, ಮೂರು ದಿನವೂ ತುಂಬಿರದ ಮೈಯಲ್ಲಿ ದೇವರ ಮುಂದೆ ನಿಂತೆ.

ಏನೂ ಆಗಲಿಲ್ಲ. ಅತ್ತೆ ತಾವೇ ನನ್ನ ಹಣೆಗೆ ಗಂಧ ಇಟ್ಟರು.

ಆ ಬೇಸಿಗೆಯಲ್ಲೇ ಹೊಳೆನರಸೀಪುರದ ಹೆಣ್ಣು ಮನೆಗೆ ಬಂದಳು. ಯಾತ್ರೆ ಕೆಡಿಸಿದವಳು ಅನ್ನಿಸಿಕೊಂಡು ಗೌರಕ್ಕ ಅರಕಲಗೂಡಿನ ಹತ್ತಿರದ ತವರು ಸೇರಿದಳು. ಅಣ್ಣನ ಮನೆಯಲ್ಲಿ ದನಕರು ನೋಡಿಕೊಂಡು ಅಲ್ಲೇ ಉಳಿದಳು.

ನಾಲ್ಕು ವರ್ಷ ಕಳೆದು ನಾನು ಅಲ್ಲಿಗೆ ಹೋದೆ, ಕಂಕುಳಲ್ಲಿ ಮೊದಲ ಮಗಳು. ಎಲ್ಲ ಹೇಳಿಬಿಡಬೇಕು ಅಂತಲೇ ಹೋದದ್ದು, ನನ್ನಾಣೆ.

ಗೌರಕ್ಕ ಸಗಣಿ ಕೈ ತೊಳೆದು ಬಂದು ಮಗುವನ್ನು ಎತ್ತಿಕೊಂಡಳು. ಬೆಲ್ಲ ನೆಕ್ಕಿಸಿದಳು. "ಅಕ್ಕಾ, ಆವತ್ತು..." ಎಂದೆ. ಮುಂದೆ ಮಾತಾಡಲು ಬಿಡಲಿಲ್ಲ ಅವಳು.

"ನೀ ಯೋಳಿದ್ದೇ ವೊಳ್ಳೇದಾಯ್ತು ಬುಡು. ಇಲ್ದಿದ್ರೆ ನನ್ ದೋಸ ನಿಮ್ಗೆಲ್ಲಾ ತಟ್ಟೋದು. ನೋಡು, ನೀನು ಸುದ್ದವಾಗಿ ಓಗ್ಬಂದೆ, ದ್ಯಾವ್ರು ನಿಂಗೆ ಕೂಸು ಕೊಟ್ಟ."

ಮಗುವನ್ನು ವಾಪಸ್ ಇಸಿದುಕೊಂಡು "ಹೂಂ ಅಕ್ಕ" ಎಂದೆ.

ಅವಳು ಹೋಗಿ ನಲವತ್ತು ವರ್ಷದ ಮೇಲಾಯಿತು. ತಪ್ಪು ತನ್ನದೇ ಅಂದುಕೊಂಡೇ ಹೋದಳು.

ನೀವಾಗಿದ್ದರೆ ಆವತ್ತು ಆ ಮುಖ ನೋಡಿಕೊಂಡು ನಿಜ ಹೇಳುತ್ತಿದ್ದಿರಾ?