ರಾಮನಗುಳಿಯಲ್ಲಿ ಆಡಿದ ಮಾತು

ಅರವತ್ತೈದರ ಯುದ್ಧದಲ್ಲಿ ಪಾಕಿಸ್ತಾನವನ್ನು ಗೆದ್ದವರು ನಾವು ಎಂದು ಅಂಕೋಲೆಯ ಹೈಸ್ಕೂಲಿನಲ್ಲಿ ನಾನು ಪಾಠ ಮಾಡುತ್ತಿದ್ದೆ. ಗಡಿಯಾಚೆಯ ಮಾಸ್ತರರೂ ತಮ್ಮ ಮಕ್ಕಳಿಗೆ ಗೆದ್ದವರು ನಾವೇ ಎಂದು ಹೇಳುತ್ತಿದ್ದರಂತೆ. ಇರಲಿ, ಅವರವರ ಪುಸ್ತಕ ಅವರವರಿಗೆ. ಆದರೆ ಸೈನ್ಯದಲ್ಲಿದ್ದ ಅಪ್ಪ ಎಡಗಾಲಿನ ಪಾದ ಕಳೆದುಕೊಂಡು ಹಿಡಿದ ಗುಡ್ಡವನ್ನು ನಾಲ್ಕೈದು ತಿಂಗಳಲ್ಲೇ, ಒಪ್ಪಂದದ ಪ್ರಕಾರ, ನಮ್ಮವರು ವಾಪಸು ಕೊಟ್ಟಿದ್ದರು. ಆ ಮಾತನ್ನು ಮಾತ್ರ ನಾನು ಪಾಠದಲ್ಲಿ ಎಂದೂ ಬಿಡುತ್ತಿರಲಿಲ್ಲ. ಸತ್ಯ ಹೇಳುವವಳು ಎಂಬ ಸೊಕ್ಕು ನನಗೆ ಆಗ ಬಹಳ ಇತ್ತು.

ಅದೇ ಗುಡ್ಡದ ಮೇಲೆ ಅಪ್ಪನ ಪಕ್ಕದಲ್ಲಿದ್ದ ರಾಮನಗುಳಿಯ ಹುಡುಗ ಸತ್ತಿದ್ದ. ಅವನನ್ನು ಅಲ್ಲೇ ಸುಟ್ಟರು, ಬೂದಿಯೂ ಅಲ್ಲೇ ಉಳಿಯಿತು. ಊರಿಗೆ ಮರಳಿದ ಅಪ್ಪ ಊರುಗೋಲು ಹಿಡಿದು ಅವನ ತಾಯಿಯ ಹತ್ತಿರ ಹೋಗಿ, "ಆಯಿ, ನಿನ್ನ ಮಗ ನಮ್ಮ ನೆಲದಲ್ಲೇ ಇದ್ದಾನೆ. ಮೇಲೆ ನಮ್ಮ ಬಾವುಟ ಹಾರ್ತದೆ" ಎಂದಿದ್ದರು. ಆಮೇಲೆ ಪ್ರತಿ ವರ್ಷ ಕಾರವಾರದಿಂದ ಹೋಗಿ ಅದನ್ನೇ ಹೇಳಿ ಬರುತ್ತಿದ್ದರು. ಆ ಮುದುಕಿಗೆ ಇದ್ದದ್ದು ಒಂದೇ ಆಸೆ: ಸಾಯುವುದರೊಳಗೆ ಆ ಗುಡ್ಡ ಹತ್ತಿ ಮಗನಿಗೆ ಗಂಗಾವಳಿ ಹೊಳೆಯ ನೀರು ಬಿಡಬೇಕು. ಅಪ್ಪ ಒಂದು ವರ್ಷ ಹಿಮ ಬಿದ್ದಿದೆ ಎನ್ನುವರು, ಇನ್ನೊಂದು ವರ್ಷ ಪರವಾನಗಿ ಸಿಗಲಿಲ್ಲ ಎನ್ನುವರು.

ಎರಡು ಸಾವಿರದ ಐದೋ ಆರೋ ಇರಬೇಕು. ಅಪ್ಪನ ಉಳಿದ ಕಾಲೂ ಸೋಲುತ್ತ ಬಂದಿದ್ದರಿಂದ ಜೊತೆಗೆ ನಾನೂ ಹೋದೆ. ನೋಡಿದರೆ, ಮುದುಕಿ ಚೀಲ ಕಟ್ಟಿಕೊಂಡು ಜಗಲಿಯಲ್ಲಿ ಕೂತೇ ಬಿಟ್ಟಿದ್ದಾರೆ! ಎರಡು ಸೀರೆ, ಅವಲಕ್ಕಿ, ಬೆಲ್ಲ. ಪ್ಲಾಸ್ಟಿಕ್ ಬಾಟಲಿಯಲ್ಲಿ ಹೊಳೆಯ ನೀರು, ಚೆಲ್ಲದ ಹಾಗೆ ಮುಚ್ಚಳಕ್ಕೆ ಬಟ್ಟೆ ಸುತ್ತಿದ್ದರು.

"ಈ ಸಲ ನಾ ಕೇಳೂದಿಲ್ಲ ತಮಾ. ಮಗಳ ಮಗ ರೈಲಿನ ಟಿಕೆಟ್ ತೆಗ್ಸಿ ಕೊಡ್ತೆ ಅಂದಾನೆ. ನೀ ದಾರಿ ತೋರ್ಸು, ಸಾಕು."

ಅಪ್ಪ ಕೆಮ್ಮಿದರು. "ಆಯಿ, ಈ ವರ್ಷ ಅಲ್ಲಿ ರಸ್ತೆ ಕುಸ್ದದೆ..."

"ನಡ್ಕಂಡು ಹೋಗುವಾ" ಎಂದು ಮುದುಕಿ ಅಪ್ಪನ ಕೈ ಹಿಡಿದುಕೊಂಡು ಅತ್ತರು.

ನನಗೆ ರೇಗಿಹೋಯಿತು. ಎಂಬತ್ತು ದಾಟಿದ ಜೀವವನ್ನು ಇನ್ನೆಷ್ಟು ಆಡಿಸುವುದು? "ಸಾಕು ಮಾಡು ಅಪ್ಪ! ಅಜ್ಜಿ, ಆ ಗುಡ್ಡ ಈಗ ನಮ್ಮದಲ್ಲ" ಎಂದೆ. ಒಪ್ಪಂದ, ಗಡಿ, ವಾಪಸಾತಿ, ಎಲ್ಲವನ್ನೂ ತರಗತಿಯಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿ ತಪ್ಪಿ ಬಂತು ಎನ್ನಲಾರೆ, ತಿಳಿದೇ ಆಡಿದೆ.

ಮುದುಕಿ ಅಪ್ಪನ ಮುಖ ನೋಡಿದರು. "ಹೌದನಾ ತಮಾ?"

ಅಪ್ಪ ತಲೆ ತಗ್ಗಿಸಿ ಹೂಂ ಎಂದರು.

"ಗೆದ್ದಿದ್ದು ನಾವು ಅಂದಿದ್ಯಲ್ಲ?"

"ಗೆದ್ದಿದ್ದು ಹೌದು ಆಯಿ."

"ಗೆದ್ದವ್ರು ಯಾರಾದ್ರೂ ವಾಪಸ್ ಕೊಡ್ತಾರಾ? ನನ್ನ ಮಗ ಅಲ್ಲಿದ್ದಾನೆ ಅಂತ ಅವ್ರಿಗೆ ಯಾರೂ ಹೇಳ್ಲಿಲ್ವನಾ?"

ಒಂದು ಬೈಗುಳ ಬೈದಿದ್ದರೂ ನನಗೆ ಹಗುರಾಗುತ್ತಿತ್ತು, ಅವರು ಬೈಯಲಿಲ್ಲ. ಬಟ್ಟೆ ಬಿಚ್ಚಿ, ಬಾಟಲಿಯ ನೀರನ್ನು ಅಂಗಳದ ಕಲ್ಲಿನ ಮೇಲೆ ಸುರಿದರು. ಚೀಲ ಎತ್ತಿಕೊಂಡು ಒಳಗೆ ಹೋದವರು ನಾವು ಹೊರಡುವ ತನಕ ಹೊರಗೆ ಬರಲಿಲ್ಲ.

ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು, ನೀನು ಸುಳ್ಳು ಹೇಳಿ ಎಷ್ಟು ದಿನ ಸಾಗಿಸುತ್ತಿದ್ದೆ, ಎಂದಾದರೂ ಗೊತ್ತಾಗುತ್ತಲೇ ಇತ್ತು ಎಂದು ದಾರಿಯುದ್ದಕ್ಕೂ ನಾನೇ ವಾದ ಮಾಡುತ್ತ ಬಂದೆ. ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಕಾರವಾರದ ಬಸ್ಸು ಹತ್ತುವ ಮೊದಲು ಅವರು ಊರುಗೋಲು ಊರಿ ನನ್ನ ಕಡೆ ತಿರುಗಿದರು.

"ಸರಕಾರ ನಾಲ್ಕು ತಿಂಗ್ಳಿಗೆ ಬಿಟ್ಟುಕೊಡ್ತು. ನಾನು ನಲ್ವತ್ತು ವರ್ಷ ಆ ಗುಡ್ಡ ಹಿಡ್ಕಂಡಿದ್ದೆ. ನೀನು ಒಂದೇ ಮಾತಿಗೆ ಕೊಟ್ಟುಬಿಟ್ಯಲ್ಲೇ."