ರಾಗಿ ಮಿಷನ್

ಭೂಬಳಕೆಯ ಕರಡು ನಕ್ಷೆಯನ್ನು ಪುರಸಭೆಯಲ್ಲಿ ಜನನ ಮರಣ ನೋಂದಣಿ ಕೌಂಟರಿನ ಮೇಲಿನ ಗೋಡೆಗೆ ಅಂಟಿಸಿದ್ದರು. ವಾಸಕ್ಕೆ ಹಳದಿ, ಕಾರ್ಖಾನೆಗೆ ನೇರಳೆ, ಅಂಗಡಿಗೆ ನೀಲಿ. ಶಾಲೆ, ಆಸ್ಪತ್ರೆ, ಮಠ, ಚರ್ಚು ಇಂಥವಕ್ಕೆ ಕೆಂಪು. ಹೊಲಕ್ಕೆ ಹಸಿರು. ಹಸಿರು ಹೆಚ್ಚು ಖರ್ಚಾಗಿರಲಿಲ್ಲ. ಬೊಮ್ಮಸಂದ್ರದ ಕಡೆಯಿಂದ ಬಂದ ನೇರಳೆ ನಮ್ಮೂರಿನ ಅಂಚಿನಲ್ಲಿ ನಿಂತಿತ್ತು. ಚಿಕ್ಕಮ್ಮನ ಬೀದಿ ಪೂರ್ತಿ ಹಳದಿ. ಮಧ್ಯದಲ್ಲಿ ಒಂದೇ ಒಂದು ಮನೆ ಕೆಂಪು. ಅದು ಚಿಕ್ಕಮ್ಮನದು.

ಆ ಮನೆಯ ಮುಂಭಾಗದ ಕೋಣೆಯಲ್ಲಿ ಅವರು ಹಿಟ್ಟಿನ ಮಿಲ್ಲು ನಡೆಸುತ್ತಾರೆ. ಚಿಕ್ಕಪ್ಪ ಹೋದ ಮೇಲೆ ಅವರೊಬ್ಬರೇ. ಮೊದಲೆಲ್ಲ ಊರಿನ ರಾಗಿ ಬರುತ್ತಿತ್ತು. ಈಗ ಊರಿನವರು ಮನೆ ಬಾಡಿಗೆಗೆ ಕೊಟ್ಟು ಪ್ಯಾಕೆಟ್ ಹಿಟ್ಟು ತರುತ್ತಾರೆ. ಆ ಬಾಡಿಗೆ ಕೋಣೆಗಳಲ್ಲಿರುವ ಕಲಬುರಗಿ, ಯಾದಗಿರಿ ಕಡೆಯವರು ಭಾನುವಾರ ಬೆಳಗ್ಗೆ ಜೋಳದ ಚೀಲ ಹಿಡಿದು ಸಾಲು ನಿಲ್ಲುತ್ತಾರೆ.

ಕರಡು ಹೀಗೇ ಅಂತಿಮವಾದರೆ ಮಿಲ್ಲಿನ ಲೈಸೆನ್ಸ್ ನವೀಕರಿಸಲು ಬರುವುದಿಲ್ಲ ಎಂದು ಪುರಸಭೆಯವರು ಹೇಳಿದ್ದರು. ಚಿಕ್ಕಮ್ಮ ಆಕ್ಷೇಪಣೆ ಸಲ್ಲಿಸಿದರು. ವಿಚಾರಣೆಗೆ ನನ್ನನ್ನು ಕರೆದುಕೊಂಡು ಹೋದರು. ನಾನು ಎಂ.ಎ. ಮಾಡಿದವನು, ಆಮೇಲೆ ಯಾವ ಕೆಲಸದಲ್ಲೂ ಎರಡು ವರ್ಷ ನಿಲ್ಲದವನು. ಹಾಗಾಗಿ ವಾರದ ಯಾವ ದಿನವಾದರೂ ಸಿಗುತ್ತೇನೆ.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಸಮಾಧಾನದ ಮನುಷ್ಯ. ಕೆಂಪನ್ನು ತೆಗೆದು ಹಳದಿ ಮಾಡುವುದು ಸುಲಭ ಎಂದರು. ಆದರೆ ಹಳದಿಯಲ್ಲೂ ಹೊಸ ಮಿಲ್ಲಿಗೆ ಅವಕಾಶವಿಲ್ಲ. ಹಿಂದಿನ ನಕ್ಷೆ ಬರುವುದಕ್ಕೆ ಮೊದಲೇ ಇದ್ದದ್ದಾದರೆ ಮಾತ್ರ ಮುಂದುವರಿಯಬಹುದು.

"ಮೊದ್ಲೇ ಇತ್ತು ಅನ್ನೋಕೆ ಏನಿದೆ ಅಮ್ಮಾ? ಲೈಸೆನ್ಸು, ಕರೆಂಟ್ ಬಿಲ್ಲು?"

"ಲೈಸೆನ್ಸು ನಮ್ಮನೆಯೋರು ಓದ್ಮೇಲೆ ಮಾಡ್ಸಿದ್ದು ಸಾರ್. ಅದ್ಕೂ ಮುಂಚೆ ಬಾವಿ ಮೋಟ್ರು ಲೈನಲ್ಲೇ ಓಡ್ತಿತ್ತು."

"ಅದನ್ನ ನಾನು ಬರ್ಕೊಳಲ್ಲ," ಎಂದರು ಅಧಿಕಾರಿ, ಪೆನ್ನು ಕೆಳಗಿಟ್ಟು.

"ಇವ್ನು ಕಣ್ಣಾರೆ ನೋಡವ್ನೆ ಸಾರ್. ಮಿಷನ್ ಪೂಜೆ ದಿನ ಇವ್ನೇ ಕಾಯಿ ಒಡ್ದಿದ್ದು. ಏಳೋ ಮಗಾ."

ಕಾಯಿ ಒಡೆದದ್ದು ನೆನಪಿದೆ. ರೆಪ್ಪೆಯ ಮೇಲೆ ಹಿಟ್ಟು ಕೂತದ್ದು, ಪುಳಿಯೋಗರೆಯಲ್ಲಿ ಹಿಟ್ಟಿನ ರುಚಿ ಬಂದದ್ದು ನೆನಪಿದೆ. ತೊಂದರೆಯೆಂದರೆ, ಆ ನೆನಪಿನಲ್ಲಿ ಬಾಗಿಲಿನಿಂದ ಹೊರಗೆ ನೋಡಿದರೆ ಹೊಸೂರು ರಸ್ತೆಯ ಮೇಲ್ಸೇತುವೆ ಕಾಣುತ್ತದೆ. ಮೇಲ್ಸೇತುವೆ ಬಂದದ್ದು ಹಿಂದಿನ ನಕ್ಷೆ ಬಂದ ಮೇಲೆ. ಸೇತುವೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಪೂಜೆಯನ್ನೂ ಸೇರಿಸಿಕೊಂಡಿರಬಹುದು. ಅದರ ಜೊತೆಗೆ, ಚಿಕ್ಕಮ್ಮನ ಬಾಗಿಲಿನಿಂದ ಮೇಲ್ಸೇತುವೆ ಕಾಣುವುದೇ ಇಲ್ಲ. ಎರಡು ಕಿಲೋಮೀಟರ್ ದೂರವಿದೆ.

"ನನಗೆ ಖಚಿತವಿಲ್ಲ ಸಾರ್," ಎಂದೆ. ಅಧಿಕಾರಿ ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರು.

ಚಿಕ್ಕಮ್ಮ ನನ್ನನ್ನು ನೋಡಲಿಲ್ಲ. ಅಧಿಕಾರಿಗೇ ಹೇಳಿದರು: "ಬೆಳಿಗ್ಗೆ ತಿಂಡಿ ತಿಂದಿದ್ದೂ ಇವ್ನಿಗೆ ಖಚಿತ ಇರಲ್ಲ ಸಾರ್. ಓದಿರೋನು ಅಂತ ಕರ್ಕೊಂಬಂದೆ."

ಏನಾದರೂ ಮಾತಾಡಬೇಕಿತ್ತು. ಕೇಳಿದೆ: "ಕೆಂಪು ಎಲ್ಲಿಂದ ಬಂತು ಸಾರ್? ಅಲ್ಲಿ ಶಾಲೆಯೂ ಇಲ್ಲ, ಚರ್ಚೂ ಇಲ್ಲ."

ಹಳೆಯ ನಕ್ಷೆಯ ಪಟ್ಟಿಯಿಂದ ಹಾಗೇ ಎತ್ತಿಕೊಂಡಿರುತ್ತಾರೆ ಎಂದು ಅವರು ಗುಮಾಸ್ತೆಯನ್ನು ಕಳಿಸಿ ಆ ಕಡತ ತರಿಸಿದರು. ಆಕೆ ತಂದು ಧೂಳು ಕೊಡವಿದ್ದು ನನ್ನ ಕಡೆಗೆ. ಹಿಂದಿನ ನಕ್ಷೆಗೆ ಮುಂಚೆ ಯಾರೋ ಗುತ್ತಿಗೆದಾರರು ಮನೆಮನೆಗೆ ಬಂದು, ಯಾವ ಜಾಗದಲ್ಲಿ ಏನಿದೆ ಎಂದು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿದ್ದರು. ಚಿಕ್ಕಮ್ಮನ ಮನೆಯ ಎದುರು 'ರಾಗಿ ಮಿಷನ್' ಎಂದಿತ್ತು. ಬರೆದವರು ಯಂತ್ರದ ಕಾಗುಣಿತ ಹಾಕಿರಲಿಲ್ಲ. ಮಿಷನ್ ಆಸ್ಪತ್ರೆ ಎನ್ನುತ್ತೇವಲ್ಲ, ಆ ಮಿಷನ್ನಿನ ಕಾಗುಣಿತ ಹಾಕಿದ್ದರು. ಮುಂದಿನ ಕಾಲಮಿನಲ್ಲಿ: ಧಾರ್ಮಿಕ ಮತ್ತು ದತ್ತಿ ಸಂಸ್ಥೆ.

ಅಧಿಕಾರಿ ಅದನ್ನು ಎರಡು ಸಲ ಓದಿದರು. "ಅಮ್ಮಾ, ಮಿಷನ್ ಅಂದ್ರೆ ಏನು?"

"ಮಿಷನ್ ಅಂದ್ರೆ ಮಿಷನ್ನೇ ಸಾರ್. ರಾಗಿ ಬೀಸೋದು."

"ಪ್ರಾರ್ಥನೆ ಏನಾದ್ರೂ ನಡೀತಿತ್ತಾ?"

"ಕರೆಂಟು ಓದಾಗ ಮಾಡ್ತಿದ್ವಿ."

ಗುಮಾಸ್ತೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದರು. ಅಧಿಕಾರಿ ನಗಲಿಲ್ಲ. ಹಿಂದಿನ ನಕ್ಷೆಗೆ ಮುಂಚೆಯೇ ಆ ಜಾಗದಲ್ಲಿ ಹಿಟ್ಟಿನ ಮಿಲ್ಲು ಇದ್ದದ್ದು ಪುರಸಭೆಯದೇ ದಾಖಲೆಯಿಂದ ಕಂಡುಬರುತ್ತದೆ, ಕಾಗುಣಿತ ಮಾತ್ರ ತಪ್ಪಾಗಿದೆ ಎಂದು ಬರೆದರು. ನನ್ನ ಹೇಳಿಕೆಯ ಹಾಳೆಯನ್ನು ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿಗೆ ಕೊಟ್ಟರು.

ಬಸ್ ಸ್ಟಾಪಿನಲ್ಲಿ ನನಗೆ ಇನ್ನೊಂದು ನೆನಪು ಬಂತು. ಕೈಯಲ್ಲಿ ಬರೆಯುವ ರಟ್ಟು ಹಿಡಿದ ಒಬ್ಬ ಜಗಲಿಯ ಮುಂದೆ ನಿಂತು ಇಲ್ಲಿ ಏನಿದೆ ಎಂದು ಕೇಳಿದ. 'ಮಿಷನ್' ಎಂದವನು ನಾನೇ. ಬಹಳ ಸ್ಪಷ್ಟವಾಗಿ ನೆನಪಾಯಿತು. ಚಿಕ್ಕಮ್ಮನಿಗೆ ಹೇಳಿದೆ.

"ನೀನಾಗ ಮೈಸೂರು ಆಸ್ಟೆಲ್ಲಲ್ಲಿದ್ದೆ ಕಣೋ. ಏಳಿದ್ದು ನಾನು."

ಅಂತಿಮ ನಕ್ಷೆ ಬರಲು ತಿಂಗಳುಗಳಾದವು. ಬೀದಿ ಪೂರ್ತಿ ಹಳದಿ. ಮುಂದುವರಿಯಬಹುದಾದ ಉದ್ದಿಮೆಗಳ ಪಟ್ಟಿಯಲ್ಲಿ ಚಿಕ್ಕಮ್ಮನ ಮಿಲ್ಲು ಇತ್ತು, ಲೈಸೆನ್ಸೂ ನವೀಕರಣವಾಯಿತು. ಅಷ್ಟು ವರ್ಷ ಬೋರ್ಡೇ ಇಲ್ಲದ ಮಿಲ್ಲಿಗೆ ಚಿಕ್ಕಮ್ಮ ಒಂದು ಬೋರ್ಡು ಬರೆಸಲು ಹೊರಟರು. ಮುಂದಿನ ಸರ್ವೆಯಲ್ಲಿ ಗೊಂದಲವಾಗದಂತೆ 'ಹಿಟ್ಟಿನ ಗಿರಣಿ' ಎಂದು ಬರೆಸಿ ಎಂದೆ. ಆ ಭಾನುವಾರ ಸಾಲಿನಲ್ಲಿದ್ದ ಯಾದಗಿರಿಯ ಹೆಂಗಸು ನನ್ನ ಪರ ನಿಂತಳು: "ಹೌದ್ ನೋಡ್ರಿ ಯಕ್ಕಾ, ಗಿರಣಿ ಅಂತನ ಬರಸ್ರಿ. ನಮಗೂ ತಿಳಿತೈತಿ."

"ಇರೋ ದಾಖಲೆ ಒಂದೇ," ಎಂದರು ಚಿಕ್ಕಮ್ಮ, ಜೋಳವನ್ನು ಮಿಷನ್ನಿಗೆ ಮೇಲಿಂದ ಸುರಿಯುತ್ತ. "ಅದ್ರಲ್ಲಿ ಎಂಗೈತೋ ಅಂಗೇ ಇರ್ಲಿ."

ಬೋರ್ಡಿನಲ್ಲಿ ಕನ್ನಡದಲ್ಲಿ 'ರಾಗಿ ಮಿಷನ್' ಎಂದಿದೆ. ಕೆಳಗೆ ಇಂಗ್ಲಿಷಿನಲ್ಲೂ ಇದೆ, ಪಟ್ಟಿಯಲ್ಲಿದ್ದ ಅದೇ ಕಾಗುಣಿತದಲ್ಲಿ.