ನನ್ನದಲ್ಲದ ಮುಡಿ

ನ್ಯುಮೋನಿಯಾ ಜೋರಾಗಿ ನನ್ನ ಗಂಡನನ್ನು ಹೆಬ್ಬಾಳದ ಆಸ್ಪತ್ರೆಯಲ್ಲಿ ವೆಂಟಿಲೇಟರಿಗೆ ಹಾಕಿದ ದಿನ, ನರ್ಸ್ ಅವರ ಪಗಡಿ, ಕಡಗ, ಪುಟ್ಟ ಮರದ ಬಾಚಣಿಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ನನ್ನ ಕೈಗಿತ್ತಳು. ಕವರನ್ನು ಮಡಿಲಲ್ಲಿಟ್ಟುಕೊಂಡು ಕೂತೆ.

ಪಕ್ಕದ ಕುರ್ಚಿಯಲ್ಲಿ ಮಾವ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಯಶವಂತಪುರದಲ್ಲಿ ನಲವತ್ತು ವರ್ಷ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ ನಡೆಸಿದ ಸರ್ದಾರ್ಜಿ. ಜಗಳವನ್ನೂ ಕನ್ನಡದಲ್ಲೇ ಆಡಬಲ್ಲರು. ಪಾಠ, ಅಂದರೆ ಗುರುವಾಣಿ, ಹೇಳುತ್ತಿದ್ದಾರೆ ಅಂದುಕೊಂಡೆ. ನಾನೂ ಹೇಳಬೇಕಿತ್ತು. ಮದುವೆಯಾಗಿ ಹನ್ನೆರಡು ವರ್ಷ ಕಲಿತದ್ದು ಬಾಯಿಗೇ ಬರಲಿಲ್ಲ. ನೆನಪಿಗೆ ಬಂದದ್ದು ಗದಗಿನ ನಮ್ಮ ಮನೆದೇವರು. ತಮ್ಮ ಟೈಫಾಯ್ಡಿನಿಂದ ಬದುಕಿ ಬಂದಾಗ ಅವ್ವ ಅಲ್ಲಿ ಅವನ ತಲೆ ಬೋಳಿಸಿ ಹರಕೆ ತೀರಿಸಿದ್ದಳು. ನಾನೂ ಹಾಗೇ ಬೇಡಿಕೊಂಡುಬಿಟ್ಟೆ: ಇವರನ್ನು ಉಳಿಸಿಕೊಡು, ಇವರ ಮುಡಿ ಕೊಡಿಸುತ್ತೇನೆ.

ಹುಟ್ಟಿದಾಗಿನಿಂದ ಕತ್ತರಿ ತಾಗದ ಕೂದಲು ಅದು. ಅದನ್ನು ತೆಗೆಸುವುದೆಂದರೆ ಸಿಖ್ಖರಿಗೆ ಧರ್ಮವನ್ನೇ ಬಿಟ್ಟಂತೆ. ಗೊತ್ತಿದ್ದೂ ಹರಕೆ ಹೊತ್ತ ನನ್ನ ಬುದ್ಧಿಗೆ ಏನನ್ನಬೇಕೋ.

ಅವರು ಉಳಿದರು, ಯಲಹಂಕದ ಮನೆಗೂ ಬಂದರು. ನನಗೆ ಮಾತ್ರ ನೆಮ್ಮದಿಯಿಲ್ಲ. ಭಾನುವಾರ ಅವರು ತಲೆಸ್ನಾನ ಮಾಡಿ ಬಾಲ್ಕನಿಯಲ್ಲಿ ಕೂದಲು ಒಣಗಿಸಿಕೊಳ್ಳುವಾಗ ಆ ಕಡೆ ನೋಡಲಾಗುತ್ತಿರಲಿಲ್ಲ. ಮೂರನೇ ತಿಂಗಳಲ್ಲಿ ಮತ್ತೆ ಜ್ವರ ಬಂತು. ಡಾಕ್ಟರು ಎಕ್ಸ್‌ರೇ ಬರೆದುಕೊಟ್ಟರು. ತೀರದ ಹರಕೆಯೇ ಕಾಡುತ್ತಿದೆ ಅನ್ನಿಸಿತು. ಮರುದಿನ ಬೆಳಿಗ್ಗೆ ಮಾವ ಗುರುವನ್ನು ನೆನೆದು ಅರ್ದಾಸ್ ಮಾಡಲು, ಅಂದರೆ ನಿಂತು ಬೇಡಿಕೊಳ್ಳಲು, ಎದ್ದಾಗ ತಡೆದೆ.

"ನನ್ನಿಂದ ತಪ್ಪಾಗೇತ್ರೀ ಪಾಪಾಜಿ," ಎಂದು ಎಲ್ಲವನ್ನೂ ಹೇಳಿದೆ.

ದೇವರ ಹತ್ತಿರ ವ್ಯಾಪಾರ ಮಾಡಬೇಡಿ, ಕೊಟ್ಟದ್ದನ್ನು ಒಪ್ಪಿಕೊಳ್ಳಿ ಎಂದು ಮನೆಮಂದಿಗೆಲ್ಲ ಬುದ್ಧಿ ಹೇಳುವ ಮನುಷ್ಯ ಅವರು. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಬೈಯಲಿಲ್ಲ; ಸೋಫಾದ ಮೇಲೆ ಕೂತುಬಿಟ್ಟರು.

"ಆ ಕೂದಲು ನಿಂದಲ್ಲ ಬೇಟಾ, ಕೊಡೋಕೆ," ಎಂದರು. ಆಮೇಲೆ ನೆಲ ನೋಡುತ್ತಾ ಹೇಳಿದರು: "ಅವತ್ತು ನಾನೂ ಪಾಠ ಮಾಡ್ತಿರ್ಲಿಲ್ಲ. ನನ್ನ ತಗೊಂಡ್ಬಿಡು, ಮಗನ್ನ ಬಿಟ್ಬಿಡು ಅಂತ ಕೇಳ್ತಿದ್ದೆ. ಈಗ ದಿನಾ ಬೆಳಿಗ್ಗೆ ಕಣ್ಣು ಬಿಟ್ರೆ ಭಯ. ನಾನಿನ್ನೂ ಇದೀನಲ್ಲ, ಹಂಗಾದ್ರೆ ಅವನ್ನ ಕರ್ಕೊಂಡ್ಬಿಡ್ತಾನೇನೋ ಅಂತ."

ಒಂದೇ ಸೂರಿನಡಿ ಮೂರು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಹೆದರಿಕೊಂಡೇ ಬದುಕಿದ್ದೆವು. ನನಗೆ ಅಳು ತಡೆಯಲಾಗಲಿಲ್ಲ.

ದುಪಟ್ಟಾ ತಲೆಯ ಮೇಲೆಳೆದುಕೊಂಡು ಅವರ ಪಕ್ಕ ನಿಂತೆ. ಮಾವ ಇಬ್ಬರ ಪರವಾಗಿಯೂ ಕ್ಷಮೆ ಕೇಳಿದರು. ಮಗ ಹುಷಾರಾಗಲಿ ಎಂದರು, ಅಷ್ಟೇ. ಎಕ್ಸ್‌ರೇ ಇನ್ನೂ ತೆಗೆಸಬೇಕಿತ್ತು. ಬದಲಿಗೆ ಇಂಥದ್ದು ಕೊಡುತ್ತೇವೆಂದು ನಾವಿಬ್ಬರೂ ಹೇಳಲಿಲ್ಲ.